ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆರೆಯಂಗಳದ ಮೇಲಿನ ರೇಸ್ ಮೈದಾನ

ಊಟಿಯ ಕುದುರೆ ಪಂದ್ಯದ ಮೈದಾನವನ್ನು 2024ರ ಜುಲೈಯಲ್ಲಿ ತಮಿಳುನಾಡು ಕಂದಾಯ ಇಲಾಖೆ ವಶಕ್ಕೆ ತೆಗೆದುಕೊಂಡ ಮೇಲೆ ನೀಲಗಿರಿ, ತಾಳವಾಡಿ, ಹೊಸೂರು, ಕಾಸರಗೋಡು ಕಡೆಯ ಓದುಗರಿಂದ ಒಂದೇ ಸಮ ಪತ್ರಗಳು ಬರುತ್ತಿವೆ. ಅವುಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಬರುವ ಭಾನುವಾರ ಯಾವ ಕುದುರೆ ಗೆಲ್ಲುತ್ತದೆ ಎಂದು ಕೇಳಿದವರು ಈ ಅಂಕಣವನ್ನು ಬಿಟ್ಟು ಬೇರೆಡೆ ವಿಚಾರಿಸುವುದು ಒಳ್ಳೆಯದು.

ಬಸ್ ನಿಲ್ದಾಣವೂ ರೇಸ್ ಕೋರ್ಸೂ ಹಿಂದೆ ಕೆರೆಯೇ ಆಗಿತ್ತು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ನಿಜವೇ? ಕೆರೆಯಲ್ಲಿ ಕುದುರೆ ಓಡಿಸುವ ಯೋಚನೆ ಯಾರಿಗೆ, ಯಾಕೆ ಬಂತು?
– ಒಬ್ಬ ಶಿಕ್ಷಕಿ, ಉದಕಮಂಡಲ

ನಿಜ. ಊಟಿ ಕೆರೆ ತಾನಾಗಿ ಆದದ್ದಲ್ಲ. ಆಗಿನ ಕೊಯಮತ್ತೂರು ಕಲೆಕ್ಟರ್ ಜಾನ್ ಸಲಿವನ್ 1823–25ರ ಸುಮಾರಿಗೆ ಹಳ್ಳಗಳಿಗೆ ಒಡ್ಡು ಕಟ್ಟಿಸಿ ನಿಲ್ಲಿಸಿದ ನೀರು ಅದು. ಇವತ್ತು ದೋಣಿ ಓಡುವ ಭಾಗಕ್ಕಿಂತ ಆಗಿನ ಕೆರೆ ಎಷ್ಟೋ ದೊಡ್ಡದು. ಅಡ್ಡಲಾಗಿ ಬಂದ ವಿಲ್ಲೋ ಬಂಡ್ ಎಂಬ ಏರಿ ಅದನ್ನು ಮೇಲು ಕೆಳಗು ಎಂದು ಎರಡು ಮಾಡಿತು. ಹಳ್ಳಗಳು ಹೊತ್ತು ತಂದ ಹೂಳು ಮೇಲಿನ ತುದಿಯಲ್ಲಿ ಕೂತು ಅಲ್ಲಿ ನೀರು ತೆಳುವಾಗುತ್ತಾ ಹೋಯಿತು. ಆ ಭಾಗವನ್ನು ಬಸಿದು, ಮಣ್ಣು ತುಂಬಿ ಮಾಡಿದ ಬಯಲಿಗೆ 1872ರಿಂದ 1875ರವರೆಗೆ ಮದ್ರಾಸ್ ಗವರ್ನರ್ ಆಗಿದ್ದ ಲಾರ್ಡ್ ಹೋಬಾರ್ಟರ ಹೆಸರಿಟ್ಟು ಹೋಬಾರ್ಟ್ ಪಾರ್ಕ್ ಎಂದರು. ರೇಸ್ ಓಡಿದ್ದು ಆ ಬಯಲಿನಲ್ಲಿ. ಮಾರುಕಟ್ಟೆಯ ಕಡೆಯ ತಗ್ಗು, ಬಸ್ ನಿಲ್ದಾಣ, ಲೇಕ್ ಪಾರ್ಕ್ ಕೂಡ ಕೆರೆಯಿಂದ ಕಿತ್ತುಕೊಂಡ ನೆಲವೇ.

ಯಾಕೆ ಅಲ್ಲೇ ಎಂಬುದಕ್ಕೆ ಉತ್ತರ ಒಂದು ಗುಣಾಕಾರದಲ್ಲಿದೆ. ಸುತ್ತಳತೆ 1600 ಮೀಟರಿನ ಸಾಧಾರಣ ಓವಲ್ ಟ್ರ್ಯಾಕ್ ಒಂದನ್ನು ಕಾಗದದ ಮೇಲೆ ಬರೆದು ನೋಡಿ: 400 ಮೀಟರಿನ ಎರಡು ನೇರ ಓಟ, ತಲಾ 400 ಮೀಟರಿನ ಎರಡು ಅರೆವೃತ್ತದ ತಿರುವು. ಅರೆವೃತ್ತದ ತ್ರಿಜ್ಯ 400ನ್ನು 3.14ರಿಂದ ಭಾಗಿಸಿದರೆ ಸುಮಾರು 127 ಮೀಟರ್. ಅಂದರೆ ಒಳಗಂಬಿಯ (ಟ್ರ್ಯಾಕಿನ ಒಳ ಅಂಚಿನ ಬೇಲಿಯ) ಒಳಗಿನ ಜಾಗವೇ 654 ಮೀಟರ್ ಉದ್ದ, 254 ಮೀಟರ್ ಅಗಲ. ಸುತ್ತಲೂ 20 ಮೀಟರ್ ಅಗಲದ ಹುಲ್ಲಿನ ಪಟ್ಟಿ ಸೇರಿಸಿದರೆ ಸುಮಾರು 1,85,500 ಚದರ ಮೀಟರ್, ಹತ್ತಿರ ಹತ್ತಿರ 46 ಎಕರೆ. ಇದಕ್ಕೆ ಸ್ಟ್ಯಾಂಡ್, ಕುದುರೆಗಳನ್ನು ನಡೆಸಿ ತೋರಿಸುವ ಪಡಾಕ್, ತೂಕದ ಕೋಣೆ, ಲಾಯ ಸೇರಬೇಕು. ಊಟಿಯ ಮೈದಾನ 52.34 ಎಕರೆ. ಇಷ್ಟು ವಿಸ್ತಾರದ ಸಮತಟ್ಟು ಊಟಿಯ ಪೇಟೆಯ ನಡುವೆ ಇನ್ನೆಲ್ಲಿದೆ? ಗುಡ್ಡ ಕಡಿಯುವುದಕ್ಕಿಂತ ಹೂಳು ತುಂಬಿದ ಕೆರೆಯಂಗಳವನ್ನು ಒಣಗಿಸುವುದು ಅಗ್ಗ. ಕೆರೆಗೆ ಒಳ್ಳೆಯದಾಯಿತೋ ಇಲ್ಲವೋ ಎಂದು ಆಗ ಯಾರೂ ಕೇಳಲಿಲ್ಲ.

ತಿರುವನ್ನು ಇನ್ನೂ ಬಿಗಿ ಮಾಡಿ ಜಾಗ ಉಳಿಸಬಹುದಿತ್ತಲ್ಲ ಎಂದೂ ಕೇಳಿದ್ದೀರಿ. ಕುದುರೆ ಸೆಕೆಂಡಿಗೆ 16 ಮೀಟರಿನಂತೆ 127 ಮೀಟರ್ ತ್ರಿಜ್ಯದ ತಿರುವು ಹೊಕ್ಕರೆ ತನ್ನ ತೂಕದ ಐದನೇ ಒಂದು ಭಾಗದಷ್ಟು ಬಲವನ್ನು ಪಕ್ಕಕ್ಕೆ ತಡೆಯಬೇಕು. ತ್ರಿಜ್ಯ ಅರ್ಧವಾದರೆ ಆ ಬಲ ಎರಡರಷ್ಟಾಗುತ್ತದೆ. ಒಳಗಾಲಿನ ಮೇಲೆ ಹೊರೆ ಬಿದ್ದು ಕುದುರೆ ಹೊರಕ್ಕೆ ಜಾರುತ್ತದೆ, ಪಕ್ಕದ ಕುದುರೆಯನ್ನೂ ತಳ್ಳಿಕೊಂಡು ಹೋಗುತ್ತದೆ. ನೆಲ ಒದ್ದೆಯಾಗಿದ್ದರಂತೂ ಕೇಳುವುದೇ ಬೇಡ.

ಊಟಿಯಲ್ಲಿ ರೇಸ್ ಯಾಕೆ ಬೇಸಿಗೆಯಲ್ಲಿ ಮಾತ್ರ ನಡೆಯುತ್ತಿತ್ತು? ಪ್ರವಾಸಿಗರಿಗಾಗಿಯೇ?
– ಗೂಡಲೂರಿನ ಓದುಗರು

ಪ್ರವಾಸಿಗರು ಆಮೇಲೆ ಬಂದವರು. 1870ರಿಂದ ಮದ್ರಾಸ್ ಸರ್ಕಾರವೇ ಬೇಸಿಗೆಗೆ ಊಟಿಗೆ ಬರುವುದು ಅಧಿಕೃತ ಪದ್ಧತಿಯಾಯಿತು. ಕಡತಗಳ ಹಿಂದೆ ಅಧಿಕಾರಿಗಳು, ಅವರ ಹಿಂದೆ ಕುಟುಂಬಗಳು, ಅವರ ಹಿಂದೆ ಕುದುರೆಗಳು. ಮದ್ರಾಸಿನಲ್ಲಿ ಚಳಿಗಾಲದ ಪಂದ್ಯ, ಇಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಬೇಸಿಗೆ ಪಂದ್ಯ ಎಂಬ ಏರ್ಪಾಡು ಗಟ್ಟಿಯಾದದ್ದು ಹಾಗೆ. ನೀಲಗಿರಿ ಡರ್ಬಿ, ನೀಲಗಿರಿ ಗೋಲ್ಡ್ ಕಪ್ ಎಂಬ ಹೆಸರುಗಳೂ ಆ ಋತುವಿನವೇ.

ಇನ್ನೊಂದು ಕಾರಣ ನೆಲದೊಳಗಿದೆ. ಕೆರೆಯಂಗಳದ ಮಣ್ಣು ನೀರನ್ನು ಬಿಟ್ಟುಕೊಡುವುದಿಲ್ಲ. ಜೂನ್ ಕಳೆದು ಮುಂಗಾರು ಕೂತರೆ ಮೇಲಿನ ನೀರು ಕೆಳಗಿಳಿಯದೆ, ಗೊರಸು ಹೂತ ಕಡೆಯೆಲ್ಲ ಹೊಂಡವಾಗುತ್ತದೆ. ಹುಲ್ಲಿನ ಬೇರು ಉಸಿರಾಡಲಾಗದೆ ಕೊಳೆಯುತ್ತದೆ. ಮರುವಾರ ಅಲ್ಲೇ ಓಡಿಸಿದರೆ ಬೇರು ಸಮೇತ ಹೆಂಟೆ ಕಿತ್ತು ಬರುತ್ತದೆ. ಇಂಥ ನೆಲವನ್ನು ಪಂದ್ಯಕ್ಕೆ ಹದವಾಗಿಡಲು ಮಾಡಬೇಕಾದ ಕೆಲಸ ಬಹಳ. ಪಂದ್ಯ ಮುಗಿದ ಸಂಜೆಯೇ ಕಿತ್ತ ಹೆಂಟೆಗಳನ್ನು ಕೂರಿಸಿ, ಹೊಂಡಕ್ಕೆ ಮರಳು ಬೆರೆಸಿದ ಮಣ್ಣು ತುಂಬಬೇಕು. ಒಂದು ರಾತ್ರಿ ಬಿಟ್ಟರೂ ಬೇರು ಒಣಗಿ ಹೆಂಟೆ ಮತ್ತೆ ಕೂರುವುದಿಲ್ಲ. ಬರೀ ಮರಳು ತುಂಬಿದರೆ ಅದು ಸಡಿಲ ಗುಳಿಯಾಗಿ ಉಳಿದು, ಮುಂದಿನ ಕುದುರೆಯ ಕಾಲು ಅಲ್ಲೇ ತಿರುಚಿಕೊಳ್ಳುತ್ತದೆ. ತುಳಿದು ಗಟ್ಟಿಯಾದ ಕಡೆ ಮೊಳೆಯಂಥ ಕಬ್ಬಿಣದ ಹಲ್ಲುಗಳಿಂದ ಚುಚ್ಚಿ ಗಾಳಿ ಬಿಡಬೇಕು. ಹೊರಚರಂಡಿ ಟ್ರ್ಯಾಕಿಗಿಂತ ಆಳದಲ್ಲಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಕೆರೆಯ ಮಟ್ಟವೇ ಹತ್ತಿರವಿರುವ ಊಟಿಯಂಥ ಕಡೆ ಚರಂಡಿಯನ್ನು ಬೇಕಾದಷ್ಟು ಆಳಕ್ಕೆ ಇಳಿಸುವುದೇ ಕಷ್ಟ.

ನೆಲದ ಹದ ಅಳೆಯುವುದು ಪೆನೆಟ್ರೋಮೀಟರ್ ಎಂಬ ಸರಳ ಉಪಕರಣದಿಂದ. ಸರಳಿನ ಮೇಲೆ 1 ಕೆ.ಜಿ. ತೂಕವನ್ನು 1 ಮೀಟರ್ ಎತ್ತರದಿಂದ ಅದೇ ಜಾಗದಲ್ಲಿ ಮೂರು ಸಲ ಬೀಳಿಸಿ, ಸರಳು ಎಷ್ಟು ಸೆಂಟಿಮೀಟರ್ ಇಳಿಯಿತು ಎಂದು ನೋಡುತ್ತಾರೆ. ಟ್ರ್ಯಾಕಿನ ಸುತ್ತ ಹಲವು ಕಡೆ ಹೀಗೆ ಮಾಡಿ ಸರಾಸರಿ ತೆಗೆಯುತ್ತಾರೆ. ಅಂಕಿ ದೊಡ್ಡದಾದಷ್ಟೂ ನೆಲ ಮೆತ್ತಗೆ. ಒಂದೇ ಕಡೆ ಅಳೆದ ಅಂಕಿಯನ್ನು ನಂಬಬೇಡಿ: ನೇರ ಓಟದಲ್ಲಿ ಒಣಗಿದ ನೆಲ, ನೆರಳು ಬೀಳುವ ತಿರುವಿನಲ್ಲಿ ಇನ್ನೂ ತೇವ ಇರುತ್ತದೆ.

ರೇಸ್ ಪಟ್ಟಿಯಲ್ಲಿ 'ಫಾಲ್ಸ್ ರೈಲ್ 5 ಮೀಟರ್' ಎಂದು ಅಚ್ಚಾಗಿರುತ್ತದೆ. ಏನದು?
– ಹೊಸೂರಿನ ಕಾರ್ಖಾನೆ ನೌಕರರೊಬ್ಬರು

ಕುದುರೆಗಳೆಲ್ಲ ಒಳಗಂಬಿಗೆ ಅಂಟಿಕೊಂಡೇ ಓಡುವುದರಿಂದ ಅಲ್ಲಿನ ಹುಲ್ಲು ಬೇಗ ಹಾಳಾಗುತ್ತದೆ. ಅದಕ್ಕೆ ಬಿಡುವು ಕೊಡಲು ಕಂಬಿಯನ್ನು ಕೆಲವು ಮೀಟರ್ ಹೊರಕ್ಕೆ ಹಾಕುತ್ತಾರೆ. 5 ಮೀಟರ್ ಹೊರಗೆ ಹಾಕಿದರೆ ಒಂದು ಅರೆವೃತ್ತದ ತಿರುವಿನಲ್ಲಿ ಓಟ 15.7 ಮೀಟರ್ ಹೆಚ್ಚುತ್ತದೆ, ಅಂದರೆ ಹತ್ತಿರ ಹತ್ತಿರ ಒಂದು ಸೆಕೆಂಡ್. ಓಟ ಹೊರಡುವ ಜಾಗವನ್ನು ಅಷ್ಟು ಮುಂದಕ್ಕೆ ತರದಿದ್ದರೆ ಆ ದಿನದ ಸಮಯವನ್ನು ಹಳೆಯ ದಾಖಲೆಯ ಪಕ್ಕದಲ್ಲಿಟ್ಟು ನೋಡಲಾಗದು.

ಚೆನ್ನೈ, ಬೆಂಗಳೂರಿನ ಕುದುರೆಗಳು ಊಟಿಗೆ ಬಂದರೆ ಮೊದಲ ದಿನಗಳಲ್ಲಿ ಸೋಲುತ್ತವೆ ಎಂಬ ಮಾತಿದೆ. ಇದು ಬರೀ ನಂಬಿಕೆಯೇ?
– ಪಶುವೈದ್ಯ ವಿದ್ಯಾರ್ಥಿ, ಹೊಸೂರು

ನಂಬಿಕೆ ಅಲ್ಲ. ಊಟಿ ಸಮುದ್ರ ಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಚೆನ್ನೈಯದರ ಸುಮಾರು ಮುಕ್ಕಾಲು ಪಾಲು, ಹಾಗಾಗಿ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ. ಮನುಷ್ಯ ಓಟಗಾರ ಉಸಿರನ್ನು ಬೇಕಾದಂತೆ ಹೆಚ್ಚಿಸಿಕೊಳ್ಳಬಲ್ಲ. ನಾಗಾಲೋಟದಲ್ಲಿರುವ ಕುದುರೆಗೆ ಆ ಸ್ವಾತಂತ್ರ್ಯವಿಲ್ಲ, ಒಂದು ಹೆಜ್ಜೆಗೆ ಒಂದೇ ಉಸಿರು. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಓಟದ ಹೊತ್ತಿಗೆ ಹೊರಹಾಕಿ ಕುದುರೆ ಸ್ವಲ್ಪ ಸರಿದೂಗಿಸಿಕೊಳ್ಳುತ್ತದೆ, ಪೂರ್ತಿ ಅಲ್ಲ. 1000 ಮೀಟರಿನ ಓಟದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು, ಗಾಳಿ ತೆಳುವಾದ್ದರಿಂದ ತಡೆಯೂ ಕಡಿಮೆ. ದೂರ ಹೆಚ್ಚಿದಂತೆ ಕೊನೆಯ 400 ಮೀಟರಿನಲ್ಲಿ ಕಾಲು ಸೋಲುತ್ತದೆ. ಅದಕ್ಕೇ ತರಬೇತಿದಾರರು ಋತು ಶುರುವಾಗುವ ವಾರಗಳ ಮುಂಚೆಯೇ ಕುದುರೆ ತಂದು ಕಟ್ಟುತ್ತಾರೆ.

ನಿಮ್ಮ ಓದಿಗೆ ಇನ್ನೊಂದು ಮಾತು ಸೇರಿಸಬಹುದು: ಘಾಟಿ ಹತ್ತಿ ಬಂದ ಕುದುರೆಗೆ ಎತ್ತರಕ್ಕಿಂತ ಮೊದಲು ಕಾಡುವುದು ಲಾರಿ. ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಿ ಗಂಟೆಗಟ್ಟಲೆ ಸಾಗಿಸಿದರೆ ಶ್ವಾಸನಾಳದ ಕಫ ಕೆಳಗಿಳಿಯದೆ ಪುಪ್ಪುಸಕ್ಕೆ ಸೋಂಕು ತಗಲುತ್ತದೆ. ನಾಲ್ಕೈದು ಗಂಟೆಗೊಮ್ಮೆ ನಿಲ್ಲಿಸಿ, ತಲೆ ಕೆಳಗೆ ಬಿಡುವಂತೆ ಹಗ್ಗ ಸಡಿಲಿಸಿ, ನೀರು ಕುಡಿಸಬೇಕು. ಹುಲ್ಲಿನ ಬಲೆಯನ್ನು ಮೂಗಿನ ಎತ್ತರಕ್ಕಿಂತ ಮೇಲೆ ಕಟ್ಟಬಾರದು. ಬಂದಿಳಿದ ದಿನ ಕಾಳು ಕಡಿಮೆ, ಒಣಹುಲ್ಲು ಮತ್ತು ನೀರು ಹೆಚ್ಚು. ಬೆಳಗ್ಗೆ ಸಂಜೆ ಜ್ವರ ನೋಡಬೇಕು. ಮೂರು ದಿನದೊಳಗೆ ಮೈಬಿಸಿ ಏರಿದರೆ ಅದು ಊಟಿಯ ಚಳಿ ಎಂದು ಸುಮ್ಮನಾಗಬೇಡಿ. ರೈಲು ಕೂನೂರಿಗೆ ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ಅದಕ್ಕೂ ಮೊದಲಿನ ಕುದುರೆಗಳು ಘಾಟಿ ರಸ್ತೆಯಲ್ಲೇ ಏರಬೇಕಿತ್ತು. ಅವುಗಳಿಗೆ ಈ ರೋಗದ ಕಾಟ ಕಡಿಮೆ ಇದ್ದೀತು!

ಊಟಿಯ ಮೈದಾನ 52.34 ಎಕರೆ ಎಂದು ಬರೆಯುತ್ತಾರೆ. ನಮ್ಮಲ್ಲಿ ಗುಂಟೆಯ ಲೆಕ್ಕ ಹೇಳುವವರೂ ಇದ್ದಾರೆ, ಸೆಂಟಿನ ಲೆಕ್ಕ ಹೇಳುವವರೂ ಇದ್ದಾರೆ. ಈ 34 ಯಾವುದು? ಅಷ್ಟು ಜಾಗಕ್ಕೆ 822 ಕೋಟಿ ಬಾಕಿ ಹೇಗಾಯಿತು?
– ತಾಳವಾಡಿಯ ರೈತರೊಬ್ಬರು

ಒಳ್ಳೆಯ ಕಡೆ ಬೆರಳಿಟ್ಟಿದ್ದೀರಿ. ರೇಸ್ ಮೈದಾನಗಳ ಚರಿತ್ರೆ ಬರೆಯುವವರು ಗೆದ್ದ ಕುದುರೆಗಳ ಹೆಸರಿನಲ್ಲಿ ಎಡವುವುದು ಕಡಿಮೆ, ಇಂಥ ಚುಕ್ಕೆಗಳಲ್ಲಿ ಎಡವುವುದು ಹೆಚ್ಚು.

ತಮಿಳುನಾಡಿನ ಕಡತದಲ್ಲಿ 34 ಎಂದರೆ ಸೆಂಟು. ನೂರು ಸೆಂಟಿಗೆ ಒಂದು ಎಕರೆ. ಆದ್ದರಿಂದ 52.34 ಅನ್ನು ದಶಮಾಂಶವಾಗಿಯೇ ಓದಬಹುದು, 21.18 ಹೆಕ್ಟೇರ್ ಆಗುತ್ತದೆ. ಗಡಿ ದಾಟಿ ಚಾಮರಾಜನಗರದ ಪಹಣಿಯಲ್ಲಿ 52-34 ಎಂದು ಕಂಡರೆ ಅದು 52 ಎಕರೆ 34 ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಅದು 52.85 ಎಕರೆ. ಎರಡಕ್ಕೂ ನಡುವೆ 51 ಸೆಂಟಿನ ವ್ಯತ್ಯಾಸ. ಗದ್ದೆಯಲ್ಲಾದರೆ ಬದು ಜಗಳಕ್ಕೆ ಸಾಕು. ಊಟಿಯಲ್ಲಾದರೆ, ಸರ್ಕಾರ ಹೇಳುವ ಬಾಕಿಯನ್ನು ಎಕರೆಗೆ ಹಂಚಿದ ದರದಲ್ಲೇ 8 ಕೋಟಿ ರೂಪಾಯಿ.

ಬಾಕಿಯ ವಿಷಯ. ಈ ಜಾಗ ಕಂದಾಯ ಇಲಾಖೆಯದು, ಪಂದ್ಯ ನಡೆಸುತ್ತಿದ್ದ ಮದ್ರಾಸ್ ರೇಸ್ ಕ್ಲಬ್ಬಿನದು ಗುತ್ತಿಗೆ. ಗುತ್ತಿಗೆಯ ಅವಧಿ 1978ರಲ್ಲಿ ಮುಗಿಯಿತು. ಆಮೇಲೂ ಕ್ಲಬ್ ಅಲ್ಲಿ ಪಂದ್ಯ ನಡೆಸುತ್ತಲೇ ಇತ್ತು, ಮೊಕದ್ದಮೆಗಳೂ ನಡೆಯುತ್ತಲೇ ಇದ್ದವು. ಅವಧಿ ಮುಗಿದ ಸರ್ಕಾರಿ ಜಾಗಕ್ಕೆ ಹಳೆಯ ಬಾಡಿಗೆ ನಡೆಯುವುದಿಲ್ಲ. ಜಾಗದ ಆಗಿನ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾವಾರು ಲೆಕ್ಕ ಹಾಕಿ ಬಾಡಿಗೆ ಪರಿಷ್ಕರಿಸುತ್ತಾರೆ, ಕಟ್ಟದಿದ್ದರೆ ಬಡ್ಡಿ ಏರುತ್ತದೆ. ಪೇಟೆಯ ನಡುವಿನ ಜಾಗದ ಬೆಲೆ ಹತ್ತು ವರ್ಷಕ್ಕೊಮ್ಮೆ ಹಲವು ಪಟ್ಟಾದಾಗ ಬಾಕಿಯೂ ಅದರ ಬೆನ್ನಿಗೇ ಏರುತ್ತದೆ. ಹಾಗೆ ಸರ್ಕಾರ ಹೇಳಿದ ಮೊತ್ತ 822 ಕೋಟಿ, ಎಕರೆಗೆ ಸುಮಾರು 15.7 ಕೋಟಿ. ಇದು ಜಾಗದ ಬೆಲೆಯಲ್ಲ, ಬಾಡಿಗೆ ಬಾಕಿ. ಪೇಟೆಯ ಮಾತಿನಲ್ಲಿ ಎರಡನ್ನೂ ಒಂದೇ ಮಾಡುವುದನ್ನು ಕೇಳಿದ್ದೇವೆ.

ಹೋಲಿಸಲು ಚೆನ್ನೈಯ ಗಿಂಡಿ ಮೈದಾನ ನೋಡಿ. ಮದ್ರಾಸಿನಲ್ಲಿ ಕುದುರೆ ಪಂದ್ಯದ ಚರಿತ್ರೆ 1777ರಿಂದ. ಅದೇ ಕ್ಲಬ್ಬಿಗೆ 1940ರ ದಶಕದಲ್ಲಿ 160.86 ಎಕರೆಯನ್ನು 99 ವರ್ಷಕ್ಕೆ ಗುತ್ತಿಗೆ ಕೊಟ್ಟರು, ವರ್ಷಕ್ಕೆ 614 ರೂಪಾಯಿ 13 ಆಣೆ. ಪತ್ರಿಕೆಗಳು ಇದನ್ನು 614.13 ಎಂದು ಅಚ್ಚು ಮಾಡುತ್ತಾ ಬಂದಿವೆ. ಆಣೆ ಹದಿನಾರಕ್ಕೆ ಒಂದು ರೂಪಾಯಿ; 13 ಆಣೆ ಎಂದರೆ 81 ಪೈಸೆಗಿಂತ ತುಸು ಹೆಚ್ಚು. ಸರಿಯಾದ ದಶಮಾಂಶ 614.81. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು; ಅದಕ್ಕೂ ಹಿಂದಿನ ಯಾವ ಕಡತದಲ್ಲೂ ರೂಪಾಯಿಯ ನಂತರದ ಚುಕ್ಕೆಯನ್ನು ಪೈಸೆ ಎಂದು ಓದಬಾರದು. ಎಕರೆಗೆ ವರ್ಷಕ್ಕೆ ನಾಲ್ಕು ರೂಪಾಯಿಗೂ ಕಡಿಮೆ ಬಾಡಿಗೆ! 2023ರಲ್ಲಿ ಮದ್ರಾಸ್ ಹೈಕೋರ್ಟ್ ಈ ಜಾಗದ ಬಾಡಿಗೆ ಬಾಕಿ ಎಂದು ಕಟ್ಟಲು ಹೇಳಿದ ಮೊತ್ತ 730.86 ಕೋಟಿ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿ ಬೀಗಮುದ್ರೆ ಹಾಕಿತು. ಆಮೇಲೆ ಮತ್ತೆ ಕೋರ್ಟು. ಎಕರೆಯೂ ಕೋಟಿಯೂ .86ರಲ್ಲೇ ಮುಗಿಯುವುದು ಕಾಕತಾಳೀಯ, ನಮ್ಮ ಅಚ್ಚಿನ ತಪ್ಪಲ್ಲ.

ಇನ್ನೊಂದು ಎಚ್ಚರಿಕೆ. ಊಟಿಯ ಜಾಗ 1886ರಲ್ಲೇ ಮದ್ರಾಸ್ ರೇಸ್ ಕ್ಲಬ್ಬಿಗೆ ಸಿಕ್ಕಿತು ಎಂಬ ವಾಕ್ಯ ಅಲ್ಲಲ್ಲಿ ಕಾಣುತ್ತದೆ. ಕ್ಲಬ್ ಆ ಹೆಸರಿನಲ್ಲಿ ಹುಟ್ಟಿದ್ದು 1896ರಲ್ಲಿ. ಹತ್ತು ವರ್ಷ ಮೊದಲೇ ಗುತ್ತಿಗೆ ಪತ್ರಕ್ಕೆ ಅದು ಸಹಿ ಹಾಕಿರಲಾರದು. ಜಾಗದಲ್ಲಿ ಓಟ ಶುರುವಾದ ವರ್ಷ, ಗುತ್ತಿಗೆಯ ವರ್ಷ, ಗುತ್ತಿಗೆದಾರರ ಹೆಸರು ಬದಲಾದ ವರ್ಷ ಈ ಮೂರನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ತಮಿಳುನಾಡಿನಲ್ಲಿ ಕುದುರೆ ಪಂದ್ಯವನ್ನು ಒಮ್ಮೆ ನಿಷೇಧಿಸಿದ್ದರಲ್ಲವೇ? ಮತ್ತೆ ಹೇಗೆ ನಡೆಯಿತು?
– ಕೃಷ್ಣಗಿರಿಯ ವಕೀಲರೊಬ್ಬರು

1974ರಲ್ಲಿ ಪಂದ್ಯದ ಬಾಜಿಯನ್ನು ರದ್ದು ಮಾಡುವ ಕಾಯ್ದೆ ಬಂತು. ಕ್ಲಬ್ ಕೋರ್ಟಿಗೆ ಹೋಯಿತು, ತಡೆಯಾಜ್ಞೆಯ ನೆರಳಲ್ಲಿ ಪಂದ್ಯ ಮುಂದುವರಿಯಿತು. 1986ರಲ್ಲಿ ಕ್ಲಬ್ಬನ್ನೇ ಸರ್ಕಾರದ ವಶಕ್ಕೆ ತೆಗೆದುಕೊಳ್ಳುವ ಇನ್ನೊಂದು ಕಾಯ್ದೆ ಬಂತು. ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ಎರಡನ್ನೂ ಒಟ್ಟಿಗೆ ತೀರ್ಮಾನಿಸಿತು: ಕುದುರೆ ಪಂದ್ಯ ಮುಖ್ಯವಾಗಿ ಕೌಶಲದ ಆಟ, ಜೂಜಲ್ಲ, 1986ರ ಕಾಯ್ದೆ ಸಂವಿಧಾನದ 14ನೇ ವಿಧಿಗೆ ವಿರುದ್ಧ. ಕೆ.ಆರ್. ಲಕ್ಷ್ಮಣನ್ ಪ್ರಕರಣ ಎಂದು ನೀವು ಓದಿರುತ್ತೀರಿ, ಇವತ್ತು ಆನ್‌ಲೈನ್ ರಮ್ಮಿಯ ವಾದಗಳಲ್ಲೂ ಅದೇ ಮೇಲೆದ್ದು ಬರುತ್ತದೆ. ಆ ತೀರ್ಪು ಆಟದ ಬಗ್ಗೆ, ಜಾಗದ ಬಗ್ಗೆ ಅಲ್ಲ. ಆಟವನ್ನು ಉಳಿಸಿಕೊಂಡ ಕ್ಲಬ್ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಜಾಗದ ಮೊಕದ್ದಮೆಯಲ್ಲಿ ಸಿಕ್ಕಿಬಿತ್ತು. ಮೈದಾನದ ಹೊರಗೆ ಬೀದಿಯಲ್ಲಿ ಚೀಟಿ ಬರೆದುಕೊಳ್ಳುವವರಿಗೂ ಆ ತೀರ್ಪಿನ ರಕ್ಷಣೆ ಇಲ್ಲ.

ಮತ್ತಿಗಿರಿಯ ದನದ ಫಾರಂ ಹಿಂದೆ ಕುದುರೆಯ ಫಾರಂ ಆಗಿತ್ತಂತೆ. ರೇಸಿನ ಕುದುರೆಗಳೂ ಅಲ್ಲಿಂದಲೇ ಬರುತ್ತಿದ್ದವೇ?
– ಮತ್ತಿಗಿರಿ, ಹೊಸೂರು ತಾಲ್ಲೂಕು

ಮೊದಲ ಮಾತು ಸರಿ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಅದು ಸೈನ್ಯಕ್ಕೆ ಕುದುರೆ ಒದಗಿಸುವ ರಿಮೌಂಟ್ ಡಿಪೋ ಆಗಿತ್ತು. ಎರಡನೆಯದು ಹಾಗಲ್ಲ. ಸೈನ್ಯದ ಕುದುರೆಗೆ ಭಾರ ಹೊರುವ ಬೆನ್ನು, ಗಟ್ಟಿ ಗೊರಸು, ಗುಂಡಿನ ಸದ್ದಿಗೆ ಬೆದರದ ಸ್ವಭಾವ ಬೇಕು. ಎರಡು ನಿಮಿಷದಲ್ಲಿ ಮೈಲಿ ದಾಟುವ ವೇಗ ಬೇಡ. ಸೈನ್ಯದ ಅಧಿಕಾರಿಗಳು ತಮ್ಮ ಸವಾರಿ ಕುದುರೆಗಳನ್ನೇ ಪಂದ್ಯಕ್ಕೆ ಇಳಿಸುವ ಜಿಮ್ಖಾನಾ ಓಟಗಳು ಬೇರೆ ಲೆಕ್ಕ. ಹಳೆಯ ದಕ್ಷಿಣದ ಪಂದ್ಯಗಳಲ್ಲಿ ಓಡಿದ್ದು ಪರ್ಶಿಯನ್ ಕೊಲ್ಲಿಯಿಂದ ಬಂದ ಅರಬ್ಬಿ, ಆಸ್ಟ್ರೇಲಿಯಾದಿಂದ ಬಂದ ವೇಲರ್, ಇಲ್ಲೇ ಹುಟ್ಟಿದ ಕಂಟ್ರಿಬ್ರೆಡ್, ಇಂಗ್ಲೆಂಡಿನ ಥರೋಬ್ರೆಡ್. ಈಗ ಥರೋಬ್ರೆಡ್ ಒಂದೇ.

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ರೇಸ್ ಫಲಿತಾಂಶದ ಹಾಳೆಗಳು ಸಿಕ್ಕಿವೆ. '14.2', '8-7', 'ಮೈಲಿ ಮತ್ತು ಅರ್ಧ' ಎಂದೆಲ್ಲ ಇದೆ. ಓದುವುದು ಹೇಗೆ?
– ಕೂನೂರಿನ ಓದುಗರು

14.2 ಎಂದರೆ ಕುದುರೆಯ ಎತ್ತರ, ಹದಿನಾಲ್ಕು ಹ್ಯಾಂಡ್ ಎರಡು ಇಂಚು. ಒಂದು ಹ್ಯಾಂಡ್ ನಾಲ್ಕು ಇಂಚು, ಆದ್ದರಿಂದ 58 ಇಂಚು, 147.3 ಸೆಂ.ಮೀ. ಇಲ್ಲೂ ಚುಕ್ಕೆ ದಶಮಾಂಶವಲ್ಲ. 14.3ರ ಮುಂದಿನದು 15, 14.4 ಎಂಬುದೇ ಇಲ್ಲ. ಅಳೆಯುವುದು ಹೆಗಲಿನ ದಿಬ್ಬದವರೆಗೆ, ತಲೆಯವರೆಗಲ್ಲ. ಪೋನಿಗಳ ಪಂದ್ಯಕ್ಕೆ ಎತ್ತರದ ಮಿತಿ ಇದ್ದುದರಿಂದ ಹಾಳೆಯಲ್ಲಿ ಅದನ್ನು ಬರೆಯುತ್ತಿದ್ದರು.

8-7 ಎಂದರೆ ಕುದುರೆ ಹೊತ್ತ ತೂಕ, 8 ಸ್ಟೋನ್ 7 ಪೌಂಡ್. ಸ್ಟೋನಿಗೆ 14 ಪೌಂಡ್. ಒಟ್ಟು 119 ಪೌಂಡ್, 54 ಕೆ.ಜಿ. ಅದು ಜಾಕಿಯ ಮೈತೂಕ ಮಾತ್ರವಲ್ಲ, ಜೀನು ಸಮೇತದ ತೂಕ. ಕಡಿಮೆ ಬಿದ್ದರೆ ಜೀನಿನ ಕೆಳಗೆ ಸೀಸದ ಬಿಲ್ಲೆ ಸೇರಿಸುತ್ತಾರೆ. ಒಂದೂವರೆ ಮೈಲಿ ಎಂದರೆ 12 ಫರ್ಲಾಂಗ್, 2414 ಮೀಟರ್. ಈಗಿನ ಪಂದ್ಯ 2400 ಮೀಟರ್. ಒಂದು ಮೈಲಿ 1609 ಮೀಟರ್, ಈಗ 1600. ಅಜ್ಜನ ಕಾಲದ ಮೈಲಿ ದಾಖಲೆಯನ್ನು ಇವತ್ತಿನದಕ್ಕೆ ಹೋಲಿಸುವಾಗ ಹಳೆಯದರಿಂದ ಸುಮಾರು 0.6 ಸೆಕೆಂಡ್ ಕಳೆಯಿರಿ. ಒಂದೂವರೆ ಮೈಲಿಗಾದರೆ 0.9. ಕುದುರೆಯ ಹೆಸರಿನ ಪಕ್ಕ ಸಣ್ಣ ಅಕ್ಷರಗಳಿದ್ದರೆ ಅವು ಬಣ್ಣ, ತಳಿ, ಲಿಂಗ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಕೂನೂರಿನ ತೇವಕ್ಕೆ ಬೂಸಲು ಹಿಡಿಯುತ್ತದೆ. ಆಮ್ಲವಿಲ್ಲದ ಬಿಳಿ ಕಾಗದದ ನಡುವೆ ಮಲಗಿಸಿ, ಸ್ಟೇಪ್ಲರ್ ಪಿನ್ನು ತೆಗೆದು, ಒಣ ಬೀರುವಿನಲ್ಲಿಡಿ.

ನಮ್ಮೂರಲ್ಲಿ ಒಂದು ಬಯಲಿಗೆ ಹಿರಿಯರು 'ಕುದುರೆ ಬಯಲು' ಅಂತ ಹೇಳುವುದುಂಟು. ಬ್ರಿಟಿಷರು ಅಲ್ಲಿ ರೇಸ್ ಓಡಿಸಿದ್ದಂತೆ. ಹೌದಾ ಅಲ್ಲವಾ ಅಂತ ತಿಳಿಯುವುದು ಹೇಗೆ?
– ಕಾಸರಗೋಡಿನಿಂದ, ಗ್ರಂಥಾಲಯದ ಕಾರ್ಯಕರ್ತರು

ಹೆಸರೊಂದನ್ನೇ ನೆಚ್ಚಿಕೊಳ್ಳಬೇಡಿ. ಕೋಟೆಯ ಲಾಯವಿದ್ದರೂ ಆ ಹೆಸರು ಬರುತ್ತದೆ, ದೈವದ ಕುದುರೆ ಕಟ್ಟಿದ ಕಡೆಗೂ ಬರುತ್ತದೆ.

ಮೊದಲು ನಕ್ಷೆ. ಸರ್ವೆ ಆಫ್ ಇಂಡಿಯಾದ ಹಳೆಯ ಒಂದಿಂಚಿಗೆ ಒಂದು ಮೈಲಿಯ ನಕ್ಷೆ ತೆಗೆಯಿರಿ. ಮೇಲೆ ಹೇಳಿದ ಒಂದು ಮೈಲಿ ಓವಲ್ ಅದರಲ್ಲಿ ಬರೀ 1 ಸೆಂಟಿಮೀಟರ್ ಉದ್ದ ಕಾಣುತ್ತದೆ. ಭೂತಗನ್ನಡಿ ಇಲ್ಲದೆ ನೋಡಿ 'ಇಲ್ಲ' ಎಂದು ತೀರ್ಮಾನಿಸಬೇಡಿ. ಅದೇ ಜಾಗವನ್ನು ಉಪಗ್ರಹ ಚಿತ್ರದಲ್ಲಿ ನೋಡಿ. ಪಂದ್ಯ ನಿಂತರೂ ತಿರುವಿನ ಗೆರೆ ರಸ್ತೆಯಾಗಿ ಉಳಿಯುತ್ತದೆ: ಕೊಯಮತ್ತೂರಿನ ರೇಸ್ ಕೋರ್ಸ್ ಎಂಬಲ್ಲಿ ಈಗ ಕುದುರೆ ಇಲ್ಲ, ಬೆಳಗಿನ ವಾಕಿಂಗಿನವರು ಸುತ್ತುವ ವರ್ತುಲ ರಸ್ತೆ ಇದೆ. ನಿಮ್ಮ ಬಯಲಿನ ಉದ್ದ 500 ಮೀಟರಿಗಿಂತ ಕಡಿಮೆ ಇದ್ದರೆ ಮೈಲಿ ಓಟದ ಟ್ರ್ಯಾಕ್ ಇದ್ದಿರಲಾರದು. ನೇರ ಓಟದ ಜಿಮ್ಖಾನಾ ಅಥವಾ ಕವಾಯತು ಮೈದಾನ ಆಗಿರಬಹುದು.

ಆಮೇಲೆ ಕಂದಾಯ ಕಡತ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಆಡಳಿತ. ಹಾಗಾಗಿ ಗ್ರಾಮ ಕಚೇರಿಯಲ್ಲಿ ಈಗಿನ ರೀಸರ್ವೆ ನಂಬರು ಕೇಳಿ, ಅದಕ್ಕೆ ಹೊಂದುವ ಹಳೆಯ ಸರ್ವೆ ನಂಬರು ಬರೆದುಕೊಳ್ಳಿ. ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ: ಹೊಸ ನಂಬರು ಹಿಡಿದು ಹಳೆಯ ಕಡತದಲ್ಲಿ ಹುಡುಕಿ, ಯಾರದೋ ತೆಂಗಿನ ತೋಟದ ಚರಿತ್ರೆ ಬರೆಯುತ್ತಾರೆ. ಹಳೆಯ ನಂಬರು ಸಿಕ್ಕ ಮೇಲೆ ಸೆಟಲ್‌ಮೆಂಟ್ ರಿಜಿಸ್ಟರಿನಲ್ಲಿ ಆ ಸಾಲಿನ ಕೊನೆಯ ಷರಾ ಕಾಲಂ ನೋಡಿ. ಪೊರಂಬೋಕು (ಕಂದಾಯವಿಲ್ಲದ ಸರ್ಕಾರಿ ಜಾಗ) ಎಂದಿದ್ದು, ಅದರ ಮುಂದೆ ಕ್ಯಾಂಪ್, ಕವಾಯತು, ಆಟದ ಮೈದಾನ ಎಂದು ಉಪಯೋಗ ನಮೂದಾಗಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಗುತ್ತಿಗೆ ಕೊಟ್ಟಿದ್ದರೆ ಸರ್ಕಾರಿ ಆದೇಶದ ನಂಬರೂ ತಾರೀಖೂ ಅಲ್ಲೇ ಇರುತ್ತದೆ. ಆ ಆದೇಶದ ಮೂಲಪ್ರತಿಯನ್ನು ಹುಡುಕಬೇಕಾದದ್ದು ಚೆನ್ನೈಯ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ; ಇಲಾಖೆ, ಆದೇಶದ ನಂಬರು, ವರ್ಷ ಈ ಮೂರೂ ಕೈಯಲ್ಲಿಲ್ಲದೆ ಹೋದರೆ ಬಸ್ ಖರ್ಚು ದಂಡ.

ಕಚೇರಿಯಲ್ಲಿ ಬಾಯಿಮಾತಿಗೆ ಕಡತ ತೆಗೆಯದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ನಂತರದ 30 ದಿನದಲ್ಲಿ ಮೊದಲ ಮೇಲ್ಮನವಿ. 'ಇಲ್ಲಿ ರೇಸ್ ನಡೆದಿತ್ತೇ' ಎಂದು ಕೇಳಿದರೆ ಅಭಿಪ್ರಾಯ ಕೊಡುವುದಿಲ್ಲ ಎಂದು ಅರ್ಜಿ ಹಿಂದೆ ಬರುತ್ತದೆ. 'ಇಂಥ ಹಳೆಯ ಸರ್ವೆ ನಂಬರಿನ ಸೆಟಲ್‌ಮೆಂಟ್ ರಿಜಿಸ್ಟರ್ ಪುಟದ ದೃಢೀಕೃತ ಪ್ರತಿ' ಎಂದು ದಾಖಲೆಯನ್ನೇ ಕೇಳಿ.

ಊಟಿಯ ಮೈದಾನದಲ್ಲಿ ಈಗ ಏನು ಮಾಡುತ್ತಾರೆ? ಮತ್ತೆ ಕೆರೆಯನ್ನೇ ಮಾಡಬಹುದಲ್ಲ?
– ಕೋತಗಿರಿಯ ಕಾಲೇಜು ವಿದ್ಯಾರ್ಥಿಗಳು

ಸರ್ಕಾರ ಹೇಳಿರುವುದು ತೋಟಗಾರಿಕೆ ಇಲಾಖೆಯ ಮೂಲಕ ಇಕೋ ಪಾರ್ಕ್. ಪೂರ್ತಿ ಕೆರೆ ಮಾಡುವುದು ಸುಲಭವಲ್ಲ, ಪಕ್ಕದಲ್ಲೇ ಬಸ್ ನಿಲ್ದಾಣ, ಮಾರುಕಟ್ಟೆ, ರಸ್ತೆ ಎಲ್ಲವೂ ಅದೇ ತಗ್ಗಿನಲ್ಲಿವೆ. ನೀರಿನ ಮಟ್ಟ ಒಂದು ಅಡಿ ಏರಿದರೂ ಮೊದಲು ಒದ್ದೆಯಾಗುವುದು ಅವು. ಆದರೆ ಟ್ರ್ಯಾಕಿನ ಒಳಗಿನ ಬಯಲನ್ನು ಜೌಗಾಗಿ ಬಿಡಲು ಅಡ್ಡಿ ಇಲ್ಲ. ಮಳೆನೀರು ಎರಡು ಮೂರು ದಿನ ಅಲ್ಲಿ ನಿಂತು ನಿಧಾನ ಹರಿದರೆ ಹೂಳು ಕೆರೆಗೆ ಹೋಗುವ ಮೊದಲು ಅಲ್ಲೇ ಕೂರುತ್ತದೆ. ಅದಕ್ಕೆ ಬೇಕಾದದ್ದು ನೀರು ಒಳಬರುವ ಕಡೆ ಹೂಳು ತೆಗೆಯಲು ಬರುವಂಥ ಒಂದು ಗುಂಡಿ, ಹೊರಹೋಗುವ ಕಡೆ ಎತ್ತರ ಬದಲಿಸಬಹುದಾದ ತೂಬು, ಊರಿನ ಕೊಳಚೆ ಅತ್ತ ತಿರುಗದಂತೆ ಪ್ರತ್ಯೇಕ ಕಾಲುವೆ. ಈ ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಮಾಡಿದರೆ ಸೊಳ್ಳೆ ಸಾಕಿದಂತಾಗುತ್ತದೆ. ಬಯಲಿನ ಮೇಲೆ ಮಣ್ಣು ಸುರಿದು ಎತ್ತರಿಸಿ ಕಾಂಕ್ರೀಟ್ ಹಾದಿ ಹಾಕುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಮೈದಾನ ಹಿಡಿದಿಟ್ಟುಕೊಳ್ಳುತ್ತಿದ್ದ ನೀರು ಆಗ ಮಾರುಕಟ್ಟೆಯ ಕಡೆಗೇ ತಿರುಗುತ್ತದೆ. ಪಾರ್ಕಿನ ನಕ್ಷೆ ಸಾರ್ವಜನಿಕರ ಮುಂದೆ ಬಂದಾಗ ನೀವು ಮೊದಲು ಕೇಳಬೇಕಾದದ್ದು ಹೂವಿನ ಜಾತಿಯನ್ನಲ್ಲ, ನೆಲದ ಮಟ್ಟಗಳನ್ನು ತೋರಿಸುವ ಹಾಳೆಯನ್ನು.